ಆಮ್ಲಕ್ಕೆ ಹೆಸರಿಡುವಾಗ ಎಣಿಕೆ ಸಿಒಒಎಚ್‌ನಿಂದಲೇ ಶುರುವಾಗಲಿ

ಹತ್ತನೇ ತರಗತಿ, ಪಿಯುಸಿ ಮಕ್ಕಳಿಗೆ ಇದನ್ನು ಹೇಳಿಕೊಡಿ: ಕಾರ್ಬಾಕ್ಸಿಲಿಕ್ ಆಮ್ಲಕ್ಕೆ, ಅಂದರೆ ಸಿಒಒಎಚ್ (COOH) ಗುಂಪು ಇರುವ ಆಮ್ಲಕ್ಕೆ, ಹೆಸರಿಡುವಾಗ ಆ ಗುಂಪಿನ ಕಾರ್ಬನ್ನನ್ನೇ 1 ಅಂತ ಹಿಡಿದು ಎಣಿಸಬೇಕು. ಆ ಕಾರ್ಬನ್ ಕೂಡ ಸರಪಳಿಯದೇ ಭಾಗ, ಅದನ್ನು ಬಿಟ್ಟು ಎಣಿಸುವ ಹಾಗಿಲ್ಲ. ಹಾಗಾಗಿ ಸಿಎಚ್₃ಸಿಎಚ್₂ಸಿಒಒಎಚ್ ಅಂದರೆ 3 ಕಾರ್ಬನ್, ಪ್ರೊಪನೋಯಿಕ್ ಆಮ್ಲ. 2 ಕಾರ್ಬನ್ನಿನ ಎಥನೋಯಿಕ್ ಅಲ್ಲ. ಮಕ್ಕಳು ಎಡವುವುದು ಇಲ್ಲೇ ಅಲ್ವಾ? ಕವಲು ಇದ್ದರೂ ಇದೇ ಎಣಿಕೆ ಸಾಕು: ಸಿಒಒಎಚ್ ಪಕ್ಕದ ಕಾರ್ಬನ್ನಿಗೆ ಮೀಥೈಲ್ ಸೇರಿದ್ದರೆ ಅದು 2-ಮೀಥೈಲ್. ಎರಡೂ ತುದಿಯಲ್ಲಿ ಸಿಒಒಎಚ್ ಇದ್ದರೆ ಎರಡನ್ನೂ ಲೆಕ್ಕಕ್ಕೆ ತಗೊಳ್ಳಿ. ಆಕ್ಸಾಲಿಕ್ ಆಮ್ಲ ಎಥೇನ್‌ಡೈಓಯಿಕ್ ಆಗುವುದು ಹೀಗೆ. ಆದರೆ ಸಿಒಒಎಚ್ ಗುಂಪು ನೇರವಾಗಿ ಕಾರ್ಬನ್ ಉಂಗುರಕ್ಕೆ ಸೇರಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಬೆಂಜೋಯಿಕ್ ಆಮ್ಲದಲ್ಲಿ 7 ಕಾರ್ಬನ್ ಇದ್ದರೂ ಅದು ಹೆಪ್ಟನೋಯಿಕ್ ಅಲ್ಲ. ಅಣುಸೂತ್ರ ಮಾತ್ರ ಕೊಟ್ಟಿದ್ದರೆ ಸುಮ್ನೆ ಆಮ್ಲ ಅಂತ ಬರೆಯಬೇಡಿ. ಸಿ₂ಎಚ್₄ಒ₂ ಎಥನೋಯಿಕ್ ಆಮ್ಲವೂ ಆಗಬಹುದು, ಮೀಥೈಲ್ ಮೆಥನೋಯೇಟ್ ಎಂಬ ಎಸ್ಟರೂ (ಆಮ್ಲ, ಆಲ್ಕೋಹಾಲ್ ಸೇರಿ ಆಗುವ ಸಂಯುಕ್ತ) ಆಗಬಹುದು. ಈ ಎರಡರಲ್ಲಿ ಅಡುಗೆ ಸೋಡಾ ದ್ರಾವಣ ಹಾಕಿದಾಗ ಗುಳ್ಳೆ ಗುಳ್ಳೆಯಾಗಿ ಕಾರ್ಬನ್ ಡೈಆಕ್ಸೈಡ್ ಬಿಡುವುದು ಆಮ್ಲ ಮಾತ್ರ.