ಬಿಡ್ ಮಾಡಲೋ, ಪಾಸ್ ಅನ್ನಲೋ? ಬ್ರಿಡ್ಜ್‌ನಲ್ಲಿ ಕಷ್ಟದ ಕೈ ಬಂದಾಗ ಪಳಗಿದವರು ಯೋಚಿಸುವ ದಾರಿ

ನೀವು ಇನ್ನೂ ಎಲೆ ಜೋಡಿಸಿಕೊಳ್ಳುತ್ತಿದ್ದೀರಿ, ಅಷ್ಟರಲ್ಲೇ ಬಲಗಡೆ ಕೂತವರು "3 ಹಾರ್ಟ್" ಅಂದುಬಿಟ್ಟರು, ಅಂದರೆ ಹಾರ್ಟ್ ತುರುಫಾದರೆ 13 ಸುತ್ತಿನಲ್ಲಿ 9 ಗೆಲ್ಲುತ್ತೇವೆ ಅನ್ನುವ ಬಿಡ್ (ಗೆದ್ದ ಸುತ್ತಿಗೆ ಟ್ರಿಕ್ ಅನ್ನುತ್ತಾರೆ). ನಿಮ್ಮ ಕೈ ಇದು:

ಸ್ಪೇಡ್: ಎಕ್ಕ, 6
ಹಾರ್ಟ್: ರಾಜ, 8, 4
ಡೈಮಂಡ್: ಎಕ್ಕ, ರಾಜ, ಗುಲಾಮ, 7, 5, 2
ಕ್ಲಬ್: ರಾಣಿ, 3

ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಅಂತ ಎಣಿಸಿದರೆ 17 ಪಾಯಿಂಟ್. ಇಷ್ಟು ಇಟ್ಟುಕೊಂಡು ಸುಮ್ನೆ ಪಾಸ್ ಅನ್ನೋಕೆ ಮನಸ್ಸು ಬರಲ್ಲ. ಹಾಗಂತ ಏನು ಹೇಳುವುದು? 4 ಡೈಮಂಡ್? ಡಬಲ್? 3 ನೋಟ್ರಂಪ್ (ತುರುಫೇ ಇಲ್ಲದ ಆಟ)? ಇದಕ್ಕೆ ಉತ್ತರ ಯಾವ ಸಿಸ್ಟಂ ಪುಸ್ತಕದಲ್ಲೂ ನೇರವಾಗಿ ಸಿಗಲ್ಲ. ಇಂಥ ಕೈಗಳನ್ನೇ ಆರಿಸಿ, ಪರಿಣಿತರ ಗುಂಪಿಗೆ ಕೊಟ್ಟು, ಅವರ ಉತ್ತರ ಮತ್ತು ಕಾರಣ ಎರಡನ್ನೂ ಅಚ್ಚು ಹಾಕುವ ಪದ್ಧತಿ ಬ್ರಿಡ್ಜ್ ಪತ್ರಿಕೆಗಳಲ್ಲಿದೆ. ಈಲಿ ಕಲ್ಬರ್ಟ್‌ಸನ್ 1929ರಲ್ಲಿ ಶುರು ಮಾಡಿದ 'ದಿ ಬ್ರಿಡ್ಜ್ ವರ್ಲ್ಡ್' ಪತ್ರಿಕೆಯ 'ಮಾಸ್ಟರ್ ಸಾಲ್ವರ್ಸ್ ಕ್ಲಬ್' ಇದರಲ್ಲಿ ದೊಡ್ಡ ಹೆಸರು. ಅಲ್ಲಿ ಮೊದಲ ಸ್ಥಾನದ ಬಿಡ್‌ಗೆ 100 ಅಂಕ, ಉಳಿದವಕ್ಕೆ ಅದಕ್ಕಿಂತ ಕಡಿಮೆ. ವಿಶ್ವ ಚಾಂಪಿಯನ್‌ಗಳೇ ಒಂದೇ ಕೈಗೆ ನಾಲ್ಕು ಥರ ಉತ್ತರ ಕೊಡುತ್ತಾರೆ.

ಉತ್ತರ ಬೇರೆಯಾದರೂ ಅವರು ಕೇಳಿಕೊಳ್ಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಆ ಪ್ರಶ್ನೆಗಳನ್ನು ಕಲಿಯಬಹುದು. ಬಿಡ್ಡಿಂಗ್‌ನ ಓನಾಮ ಗೊತ್ತಿದ್ದು, ಕಷ್ಟದ ಕೈ ಬಂದಾಗ ತಡವರಿಸುವವರಿಗಾಗಿ ಈ ಲೇಖನ.

ಪಾಯಿಂಟ್ ಎಣಿಸಿ, ಆಮೇಲೆ ಅದನ್ನು ಪೂರ್ತಿ ನಂಬಬೇಡಿ

ನೀವು 1 ಸ್ಪೇಡ್ ಅಂದಿರಿ, ಪಾರ್ಟ್ನರ್ 3 ಸ್ಪೇಡ್ ಅಂದರು. ಅಂದರೆ ಅವರ ಹತ್ತಿರ 10ರಿಂದ 12 ಪಾಯಿಂಟ್, ಸ್ಪೇಡ್ ಚೆನ್ನಾಗಿದೆ, ಗೇಮ್‌ಗೆ ಹೋಗೋಣವಾ (ಬೋನಸ್ ಸಿಗುವ ಮಟ್ಟದ ಬಿಡ್ ಅದು) ಅಂತ ಕೇಳುತ್ತಿದ್ದಾರೆ. ಈಗ ಈ ಎರಡು ಕೈ ನೋಡಿ.

ಮೊದಲನೆಯದು: ಸ್ಪೇಡ್ ಎಕ್ಕ, ರಾಜ, 9, 7, 4, ಹಾರ್ಟ್ ಎಕ್ಕ, 10, 6, 3, ಡೈಮಂಡ್ 8 ಒಂದೇ, ಕ್ಲಬ್ ಗುಲಾಮ, 5, 2.

ಎರಡನೆಯದು: ಸ್ಪೇಡ್ ರಾಜ, 8, 6, 4, 2, ಹಾರ್ಟ್ ರಾಣಿ, ಗುಲಾಮ, ಡೈಮಂಡ್ ರಾಜ, ಗುಲಾಮ, 5, ಕ್ಲಬ್ ರಾಣಿ, 7, 3.

ಎರಡರಲ್ಲೂ 12 ಪಾಯಿಂಟೇ. ಆದರೆ ಮೊದಲ ಕೈಯಲ್ಲಿ ನಾನು ಎರಡು ಸಲ ಯೋಚಿಸದೆ 4 ಸ್ಪೇಡ್ ಅನ್ನುತ್ತೇನೆ. ಎರಡನೆಯದರಲ್ಲಿ ಪಾಸ್, ನಿಜ ಹೇಳಬೇಕೆಂದರೆ ಅದನ್ನು ಓಪನ್ ಮಾಡೋಕೇ (ಮೊದಲ ಬಿಡ್ ಹೇಳೋಕೇ) ನನಗೆ ಮನಸ್ಸಿರಲ್ಲ. ಮೊದಲ ಕೈಯಲ್ಲಿ ಎಕ್ಕ ರಾಜರೆಲ್ಲ ಉದ್ದನೆ ಸೂಟ್‌ಗಳಲ್ಲಿದ್ದಾರೆ, ಡೈಮಂಡ್ ಒಂದೇ ಒಂದು ಇರುವುದರಿಂದ ಎರಡನೇ ಸುತ್ತಿಗೇ ತುರುಫು ಹೊಡೆಯಬಹುದು. ಎರಡನೆಯದರಲ್ಲಿ ರಾಣಿ ಗುಲಾಮ ಇಬ್ಬರೇ ಕೂತ ಹಾರ್ಟ್ ಇದೆಯಲ್ಲ, ಅದಕ್ಕೆ ಲೆಕ್ಕದಲ್ಲಿ 3 ಪಾಯಿಂಟ್. ಎದುರಾಳಿ ಎಕ್ಕ, ರಾಜ ಹಾಕಿದರೆ ಎರಡೇ ಸುತ್ತಿಗೆ ಇಬ್ಬರೂ ಸತ್ತು ಮಲಗುತ್ತಾರೆ.

ಓಪನ್ ಮಾಡಬೇಕೋ ಬೇಡವೋ ಅನ್ನುವ ಗಡಿಯ ಕೈಗಳಿಗೆ '20ರ ನಿಯಮ' ಅಂತ ಒಂದಿದೆ. ಪಾಯಿಂಟ್‌ಗೆ ನಿಮ್ಮ ಎರಡು ಉದ್ದನೆಯ ಸೂಟ್‌ಗಳ ಎಲೆ ಸೇರಿಸಿ, 20 ಬಂದರೆ ಓಪನ್ ಮಾಡಿ. ಮೊದಲ ಕೈಗೆ 21 ಬರುತ್ತದೆ, ಎರಡನೆಯದಕ್ಕೂ ಸರಿಯಾಗಿ 20 ಬರುತ್ತದೆ! ಅದಕ್ಕೇ ನಿಯಮವನ್ನು ಊರುಗೋಲಿನ ಹಾಗೆ ಇಟ್ಟುಕೊಳ್ಳಿ, ಅಷ್ಟೇ ಸಾಕು. ಮೂರು ಜನವೂ ಪಾಸ್ ಅಂದು ನಿಮ್ಮ ಸರದಿ ಬಂದಾಗ ಮಾತ್ರ ಲೆಕ್ಕ ಬೇರೆ: ಪಾಯಿಂಟ್ ಜೊತೆ ಸ್ಪೇಡ್ ಎಷ್ಟಿವೆ ಅಂತ ಸೇರಿಸಿ, 15 ಆದರೆ ಓಪನ್. ಸ್ಪೇಡ್ ಎಲ್ಲಕ್ಕಿಂತ ಮೇಲಿನ ಸೂಟ್, ಅದು ಎದುರಾಳಿ ಹತ್ತಿರ ಇದ್ದರೆ ನೀವು ತೆರೆದ ಬಾಗಿಲಲ್ಲಿ ಅವರು ಒಳಗೆ ಬರುತ್ತಾರೆ.

ಪಾರ್ಟ್ನರ್ ಕೈಯನ್ನು ಮನಸ್ಸಲ್ಲೇ ಹಂಚಿ ನೋಡಿ

ಈಗ ಮೊದಲಿನ 3 ಹಾರ್ಟ್ ಕೈಗೆ ಬರೋಣ. ಒಟ್ಟು 40 ಪಾಯಿಂಟ್. ನಿಮ್ಮಲ್ಲಿ 17. ಬಲಗಡೆಯವರು ಏಳು ಹಾರ್ಟ್ ಇಟ್ಟುಕೊಂಡು ದಾರಿಗೆ ಅಡ್ಡ ಹಾಕಿದ್ದಾರೆ, ಅವರಲ್ಲಿ ಸುಮಾರು 7 ಇರಲಿ. ಉಳಿದ 16 ಪಾರ್ಟ್ನರ್ ಮತ್ತು ಎಡಗಡೆಯವರಲ್ಲಿ ಹಂಚಿವೆ, ಅಂದರೆ ಪಾರ್ಟ್ನರ್ ಪಾಲಿಗೆ ಸರಾಸರಿ 8. ಈಗ ಆ 8 ಪಾಯಿಂಟ್‌ನ ಎರಡು ಮೂರು ಸಾಧಾರಣ ಕೈಗಳನ್ನು ಕಣ್ಮುಂದೆ ತಂದುಕೊಳ್ಳಿ. ನಮಗೆ ಬೇಕಾದ ಎಲೆಗಳನ್ನೇ ಪಾರ್ಟ್ನರ್ ಕೈಗೆ ಕೊಟ್ಟುಕೊಂಡು ಖುಷಿಪಡುವುದು ನಮ್ಮೆಲ್ಲರ ಚಾಳಿ. ಒಂದು ಒಳ್ಳೆ ಕೈ, ಒಂದು ಕೆಟ್ಟ ಕೈ, ಒಂದು ಸುಮಾರು ಕೈ, ಹೀಗೆ ಕೊಡಿ.

ಆಮೇಲೆ ಪ್ರತಿ ಬಿಡ್ ಹಿಡಿದು ಒಂದೇ ಪ್ರಶ್ನೆ: ನಾನು ಇದನ್ನು ಹೇಳಿದರೆ ಮುಂದಿನ ಸುತ್ತಲ್ಲಿ ಏನಾಗುತ್ತದೆ?

4 ಡೈಮಂಡ್ ಅಂದರೆ 3 ನೋಟ್ರಂಪ್ ದಾಟಿಹೋಯಿತು. ಇನ್ನು ಗೇಮ್ ಬೇಕಂದರೆ 5 ಡೈಮಂಡ್ ಮುಟ್ಟಬೇಕು, 11 ಟ್ರಿಕ್. ಇಲ್ಲಿ ಡಬಲ್ ಅಂದರೆ 'ನಿನ್ನ ಸೂಟ್ ಹೇಳು' ಅಂತ ಕೇಳಿದ ಹಾಗೆ, ಪಾರ್ಟ್ನರ್ ಸ್ಪೇಡ್ ಹೇಳುತ್ತಾರೆ, ನಿಮ್ಮ ಹತ್ತಿರ ಸ್ಪೇಡ್ ಎರಡೇ. ಅವರು 3 ಸ್ಪೇಡ್ ಅಂದರೆ ಹೇಗೋ 3 ನೋಟ್ರಂಪ್‌ಗೆ ಜಾರಿಕೊಳ್ಳಬಹುದು, ಉತ್ಸಾಹದಲ್ಲಿ 4 ಸ್ಪೇಡ್‌ಗೆ ಹಾರಿದರೆ? ಇನ್ನು ನೇರವಾಗಿ 3 ನೋಟ್ರಂಪ್ ಅಂದರೆ ಬೇಕಾಗಿರುವುದು 9 ಟ್ರಿಕ್. ಡೈಮಂಡ್ ಸಲೀಸಾಗಿ ಬಿದ್ದರೆ 6, ಸ್ಪೇಡ್ ಎಕ್ಕ 1. ಎಡಗಡೆಯಿಂದ ಹಾರ್ಟ್ ಲೀಡ್ ಬಂದರೆ ಬಲಗಡೆಯವರು ನಿಮಗಿಂತ ಮೊದಲೇ ಎಲೆ ಹಾಕಬೇಕು, ಹಾಗಾಗಿ ನಿಮ್ಮ ರಾಜ ಕ್ಷೇಮ, ಅದು 1. ಎಂಟಾಯಿತು, ಪಾರ್ಟ್ನರ್ ಒಂದು ಕೊಟ್ಟರೆ ಸಾಕು. ಡೈಮಂಡ್ ರಾಣಿ ತಪ್ಪು ಜಾಗದಲ್ಲಿದ್ದರೆ ಸೋಲಬಹುದು, ಗೊತ್ತು. ಆದರೂ ನನ್ನ ವೋಟು 3 ನೋಟ್ರಂಪ್‌ಗೇ. ಹಲವು ಸಲ ವಿಶ್ವ ಚಾಂಪಿಯನ್ ಆದ ಅಮೆರಿಕದ ಬಾಬ್ ಹ್ಯಾಮನ್ ಹೆಸರಲ್ಲಿ ಒಂದು ಸೂತ್ರವೇ ಇದೆ: ಹೇಳಬಹುದಾದ ಬಿಡ್‌ಗಳಲ್ಲಿ 3 ನೋಟ್ರಂಪ್ ಕೂಡ ಒಂದಾಗಿದ್ದರೆ ಅದನ್ನೇ ಹೇಳಿ.

ತಪ್ಪಾದರೆ ಎಷ್ಟು ಹೋಗುತ್ತದೆ?

ಇದು ಹೊಸಬರು ಜಾಸ್ತಿ ಬಿಟ್ಟುಬಿಡುವ ಹೆಜ್ಜೆ. ಕೈ ಒಂದೇ ಇದ್ದರೂ ಆಟದ ಬಗೆ ಬದಲಾದರೆ ಉತ್ತರ ಬದಲಾಗುತ್ತದೆ.

ಟೀಮ್ ಪಂದ್ಯ, ಇಂಪ್ ಲೆಕ್ಕ (ಎರಡು ಟೇಬಲ್‌ಗಳ ಅಂಕದ ವ್ಯತ್ಯಾಸವನ್ನು ಸಣ್ಣ ಅಂಕಿಗೆ ಇಳಿಸುವ ಪದ್ಧತಿ) ಅಂದುಕೊಳ್ಳಿ. ನೀವು ವಲ್ನರಬಲ್, ಅಂದರೆ ಗೇಮ್ ಬೋನಸ್ಸೂ ಜಾಸ್ತಿ, ಸೋತರೆ ದಂಡವೂ ಜಾಸ್ತಿ. ನೀವು 4 ಸ್ಪೇಡ್ ಹೇಳಿ ಗೆದ್ದರೆ 620. ಇನ್ನೊಂದು ಟೇಬಲ್‌ನವರು ಕೆಳಗೇ ನಿಂತು ಅದೇ 10 ಟ್ರಿಕ್ ಎತ್ತಿದರೆ ಅವರಿಗೆ 170. ವ್ಯತ್ಯಾಸ 450, ನಿಮಗೆ 10 ಇಂಪ್ ಲಾಭ. ಒಂದು ಟ್ರಿಕ್ ಕಡಿಮೆ ಬಿದ್ದರೆ ನಿಮಗೆ ಮೈನಸ್ 100, ಅವರಿಗೆ 140, ವ್ಯತ್ಯಾಸ 240, ಹೋಗುವುದು 6 ಇಂಪ್. ಗೆದ್ದರೆ 10, ಸೋತರೆ 6. ಅಂದರೆ ಗೆಲ್ಲುವ ಸಾಧ್ಯತೆ ಶೇ 37.5 ಇದ್ದರೂ ಗೇಮ್ ಹೇಳಿದವರಿಗೆ ನಷ್ಟವಿಲ್ಲ! ವಲ್ನರಬಲ್ ಅಲ್ಲದಿದ್ದರೆ ಗೆದ್ದಾಗ 6, ಸೋತಾಗ 5, ಆಗ ಸುಮಾರು ಶೇ 45 ಬೇಕು. ಮ್ಯಾಚ್‌ಪಾಯಿಂಟ್ ಆಟದಲ್ಲಿ ಎಷ್ಟರಿಂದ ಗೆದ್ದಿರಿ ಅನ್ನುವುದು ಲೆಕ್ಕಕ್ಕಿಲ್ಲ, ಬೇರೆ ಜೋಡಿಗಿಂತ ಒಂದು ಪಾಯಿಂಟ್ ಜಾಸ್ತಿ ಬಂದರೂ ಸಾಕು, ಹಾಗಾಗಿ ಅಲ್ಲಿ ಅರ್ಧಕ್ಕರ್ಧ ಸಾಧ್ಯತೆ ಇರಬೇಕು. ಸ್ಮಾಲ್ ಸ್ಲಾಮ್‌ಗೆ (12 ಟ್ರಿಕ್) ಎರಡೂ ಕಡೆ ಶೇ 50. ಗ್ರ್ಯಾಂಡ್ ಸ್ಲಾಮ್‌ಗೆ (ಎಲ್ಲ 13) ಅದಕ್ಕಿಂತ ಜಾಸ್ತಿ.

ಪರಿಣಿತರು ಟೀಮ್ ಪಂದ್ಯದಲ್ಲಿ ಹುಚ್ಚು ಹಿಡಿದವರಂತೆ ಗೇಮ್ ಹೇಳುವುದು ಯಾಕೆ ಅಂತ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಧೈರ್ಯ ಅಂದುಕೊಂಡಿದ್ದೆ. ಬರೀ ಭಾಗಾಕಾರ.

ಐದನೇ ಮಟ್ಟದ ಜಗಳ

ನಾವು 4 ಹಾರ್ಟ್, ಅವರು 4 ಸ್ಪೇಡ್. ಈಗ 5 ಹಾರ್ಟ್ ಅನ್ನಲೋ, ಡಬಲ್ ಅನ್ನಲೋ (ಇಲ್ಲಿ ಇದರರ್ಥ, ಅವರು ಸೋತರೆ ದಂಡ ಹೆಚ್ಚಲಿ), ಬಿಟ್ಟುಬಿಡಲೋ? ಬ್ರಿಡ್ಜ್ ಟೇಬಲ್‌ನಲ್ಲಿ ಸಂಸಾರ ಒಡೆಯುವ ಪ್ರಶ್ನೆ ಇದು.

ಇಲ್ಲಿ ನೆರವಿಗೆ ಬರುವುದು ಫ್ರಾನ್ಸ್‌ನ ಜಾನ್ ರೆನೆ ವೆರ್ನ್ ಮುಂದಿಟ್ಟ, ಆಮೇಲೆ ಅಮೆರಿಕದ ಲ್ಯಾರಿ ಕೋಹೆನ್ 1990ರ ದಶಕದಲ್ಲಿ ಜನಪ್ರಿಯ ಮಾಡಿದ 'ಒಟ್ಟು ಟ್ರಿಕ್‌ಗಳ ನಿಯಮ'. ನಮ್ಮ ಉದ್ದನೆ ಸೂಟ್‌ನಲ್ಲಿ ನಮ್ಮಿಬ್ಬರಿಗೂ ಸೇರಿ ಎಷ್ಟು ಎಲೆ, ಅವರ ಸೂಟ್‌ನಲ್ಲಿ ಅವರಿಬ್ಬರಿಗೆ ಎಷ್ಟು ಎಲೆ, ಎರಡನ್ನೂ ಕೂಡಿಸಿ. ನಾವು ನಮ್ಮ ತುರುಫಿನಲ್ಲಿ, ಅವರು ಅವರ ತುರುಫಿನಲ್ಲಿ ಆಡಿದರೆ ಎರಡೂ ಕಡೆ ಎತ್ತುವ ಟ್ರಿಕ್‌ಗಳ ಮೊತ್ತ ಸುಮಾರು ಅಷ್ಟೇ ಆಗುತ್ತದೆ. ಒಂದು ಆಚೀಚೆ ಆಗುವುದುಂಟು.

ನಮಗೆ 10 ಹಾರ್ಟ್, ಅವರಿಗೆ 9 ಸ್ಪೇಡ್ ಇವೆ ಅನ್ನೋಣ. ಒಟ್ಟು 19. ಅವರು 10 ಟ್ರಿಕ್ ಎತ್ತಿದರೆ ನಮಗೆ 9. ಅವರು 9 ಎತ್ತಿದರೆ ನಮಗೆ 10.

ಅವರು ವಲ್ನರಬಲ್, ನಾವಲ್ಲ ಅಂತಿಟ್ಟುಕೊಳ್ಳಿ. ಅವರು 10 ಎತ್ತುವ ಹಾಗಿದ್ದರೆ 5 ಹಾರ್ಟ್ ಡಬಲ್ ಆಗಿ ಎರಡು ಟ್ರಿಕ್ ಸೋತರೂ ನಾವು ಕೊಡುವುದು 300. ಬಿಟ್ಟಿದ್ದರೆ 620 ಕೊಡಬೇಕಿತ್ತು. 8 ಇಂಪ್ ಉಳಿಯಿತು. ಅವರು 9 ಮಾತ್ರ ಎತ್ತುವ ಹಾಗಿದ್ದರೆ ಸುಮ್ಮನಿದ್ದಿದ್ದರೆ ನಮಗೇ 100 ಬರುತ್ತಿತ್ತು, ಈಗ ನಾವೇ 100 ಕೊಟ್ಟೆವು, 5 ಇಂಪ್ ಹೋಯಿತು. ಉಳಿಯುವುದು 8, ಹೋಗುವುದು 5. ಹೇಳಿ, ಪರವಾಗಿಲ್ಲ.

ಈಗ ಎರಡೂ ಕಡೆ ವಲ್ನರಬಲ್ ಮಾಡಿ. ಎರಡು ಟ್ರಿಕ್ ಸೋತರೆ 500, ಬಿಟ್ಟರೆ 620. ಉಳಿಯುವುದು ಬರೀ 3 ಇಂಪ್. ಅವರ 4 ಸ್ಪೇಡ್ ಸೋಲುವ ಹಾಗಿದ್ದರೆ ನಮಗೆ ಬರಬೇಕಾದ 100 ಹೋಗಿ ನಾವೇ 200 ಕೊಡುತ್ತೇವೆ, 7 ಇಂಪ್ ಖಲಾಸ್. ಅದೇ ಎಲೆಗಳು, ಅದೇ ಬಿಡ್, ಲೆಕ್ಕ ಪೂರ್ತಿ ತಲೆಕೆಳಗು. 'ಐದನೇ ಮಟ್ಟ ಎದುರಾಳಿಗೆ ಬಿಡಿ' ಅನ್ನುವ ಹಳೆಯ ಮಾತು ಹುಟ್ಟಿದ್ದು ಸುಮ್ನೆ ಅಲ್ಲ.

ಇಲ್ಲಿ ಇನ್ನೊಂದು ಉಪಾಯವಿದೆ. ಎಲೆಗಳ ಬಲ ನಮ್ಮ ಕಡೆಗೇ ಇದೆ ಅಂತ ಬಿಡ್ಡಿಂಗ್‌ನಲ್ಲಿ ಸ್ಪಷ್ಟವಾಗಿದ್ದರೆ, ನಿಮ್ಮ ಪಾಸ್ ಅಂದರೆ 'ನನಗೆ ಗೊತ್ತಾಗುತ್ತಿಲ್ಲ, ನೀನೇ ತೀರ್ಮಾನ ಮಾಡು' ಅಂತ. ಡಬಲ್ ಅಂದರೆ 'ಇಲ್ಲಿಗೆ ಸಾಕು'. ಇದಕ್ಕೆ ಫೋರ್ಸಿಂಗ್ ಪಾಸ್ ಅನ್ನುತ್ತಾರೆ. ಯಾವಾಗ ಇದು ಲಾಗೂ, ಯಾವಾಗ ಅಲ್ಲ ಅಂತ ಪಾರ್ಟ್ನರ್ ಜೊತೆ ಮೊದಲೇ ಮಾತಾಡಿಕೊಂಡಿರಿ. ನಾನು ಮಾತಾಡಿಕೊಂಡಿರಲಿಲ್ಲ. ನಾನು ಪಾಸ್ ಅಂದೆ, ಅವನೂ ಪಾಸ್ ಅಂದ, ಎದುರಾಳಿಗಳು ಮೂರು ಟ್ರಿಕ್ ಸೋತು ಡಬಲ್ ಇಲ್ಲದೆ ನಗುತ್ತಾ ಎದ್ದರು.

ಯೋಚನೆ ಮೊದಲೇ ಮುಗಿಸಿ

ಕಷ್ಟದ ಬಿಡ್‌ನಲ್ಲಿ ಇನ್ನೊಂದು ಗುಂಡಿ ಇದೆ. ನೀವು ಎರಡು ನಿಮಿಷ ತಲೆ ಕೆರೆದುಕೊಂಡು ಪಾಸ್ ಅಂದರೆ ನಿಮ್ಮ ಹತ್ತಿರ ಏನೋ ಇದೆ ಅಂತ ಇಡೀ ಟೇಬಲ್‌ಗೆ ಗೊತ್ತಾಯಿತು. ಆ ಸುಳಿವನ್ನು ನಿಮ್ಮ ಪಾರ್ಟ್ನರ್ ಬಳಸುವ ಹಾಗಿಲ್ಲ, ನಿಯಮಪುಸ್ತಕದ 16ನೇ ನಿಯಮ ಅದನ್ನೇ ಹೇಳುವುದು. ನಿಮ್ಮ ತಡವರಿಕೆಯಿಂದ ಪಾಪ ಅವರ ಕೈ ಕಟ್ಟಿಹೋಗುತ್ತದೆ. ಅದಕ್ಕೆ ನಿಮ್ಮ ಸರದಿ ಬರುವ ಮುಂಚೆಯೇ 'ಅವರು 4 ಸ್ಪೇಡ್ ಅಂದರೆ ಏನು ಮಾಡಲಿ' ಅಂತ ಲೆಕ್ಕ ಹಾಕಿಟ್ಟುಕೊಳ್ಳಿ. ಪಳಗಿದವರು ಬೇಗ ಬಿಡ್ ಮಾಡುವುದು ಹೀಗೇ, ಅವರು ಒಂದು ಸುತ್ತು ಹಿಂದೆಯೇ ಯೋಚಿಸಿ ಮುಗಿಸಿರುತ್ತಾರೆ.

ಪರಿಣಿತರ ಉತ್ತರ ಓದುವುದು ಹೇಗೆ

ಪತ್ರಿಕೆಯಲ್ಲಿ ಇಂಥ ಕೈ ಓದುವಾಗ ಅದರ ಕೆಳಗಿನ ಉತ್ತರಗಳನ್ನು ಕೈಯಿಂದ ಮುಚ್ಚಿ. ನಿಮ್ಮ ಬಿಡ್ ಮತ್ತು ಒಂದೇ ಸಾಲಿನ ಕಾರಣ ಕಾಗದದ ಮೇಲೆ ಬರೆಯಿರಿ. ಮನಸ್ಸಲ್ಲಿ ಅಂದುಕೊಂಡರೆ ಆಗಲ್ಲ, ಉತ್ತರ ನೋಡಿದ ಕೂಡಲೇ 'ನಾನೂ ಅದೇ ಅಂದುಕೊಂಡಿದ್ದೆ' ಅಂತ ಮನಸ್ಸು ಸುಳ್ಳು ಹೇಳುತ್ತದೆ. ಆಮೇಲೆ ಯಾವ ಸಿಸ್ಟಂ ಅಂತ ನೋಡಿ. 1 ನೋಟ್ರಂಪ್‌ಗೆ 15ರಿಂದ 17 ಪಾಯಿಂಟ್ ಇರುವ ಪದ್ಧತಿಯಲ್ಲಿ ಸರಿಯಾದ ಉತ್ತರ, 12ರಿಂದ 14 ಇರುವ ಏಕೋಲ್ (Acol) ಪದ್ಧತಿಯಲ್ಲಿ ತಪ್ಪಾಗಬಹುದು.

ಅಂಕ ಎಷ್ಟು ಬಂತು ಅನ್ನುವುದನ್ನು ಕೊನೆಗೆ ನೋಡಿ. ಕಡಿಮೆ ವೋಟು ಬಿದ್ದ ಬಿಡ್‌ನ ಕಾರಣವನ್ನು ಮಾತ್ರ ತಪ್ಪದೆ ಓದಿ, ಬಹುಮತದವರ ಕಣ್ಣು ತಪ್ಪಿದ ಅಪಾಯ ಅಲ್ಲೇ ಸಿಗುತ್ತದೆ. ಈಗ ಕೆಲವರು ಕಂಪ್ಯೂಟರ್‌ನಲ್ಲಿ ಆ ಬಿಡ್ಡಿಂಗ್‌ಗೆ ಹೊಂದುವ ಸಾವಿರ ಕೈ ಹಂಚಿಸಿ ನೋಡುತ್ತಾರೆ. ಒಳ್ಳೆಯದೇ, ಆದರೆ ಆ ಪ್ರೋಗ್ರಾಂಗಳು ಸಾಮಾನ್ಯವಾಗಿ ನಾಲ್ಕೂ ಕೈ ತೆರೆದಿಟ್ಟ ಹಾಗೆ ಆಡುತ್ತವೆ. ರಾಣಿ ಎಲ್ಲಿದ್ದಾಳೆ ಅಂತ ಅವಕ್ಕೆ ಯಾವಾಗಲೂ ಗೊತ್ತು, ನಮಗೆ ಗೊತ್ತಿರಲ್ಲ ಅಲ್ವಾ?

ನಿಮ್ಮ ಆಟದಲ್ಲೇ ಬಂದ ಕೈಯನ್ನು ಗೆಳೆಯರಿಗೆ ಕೇಳುವಾಗ ಫಲಿತಾಂಶ ಹೇಳಬೇಡಿ. ಮುಖದಲ್ಲೂ ತೋರಿಸಬೇಡಿ. ಕೈ, ಬಿಡ್ಡಿಂಗ್, ಯಾರು ವಲ್ನರಬಲ್, ಆಟ ಯಾವುದು, ಇಷ್ಟು ಹೇಳಿ ಸುಮ್ಮನಾಗಿ.

ಈಗ ಒಂದು ಕೈ ನಿಮಗೆ. ಮೊದಲಿನದೇ, ಸ್ವಲ್ಪ ಬದಲಾಯಿಸಿದ್ದೇನೆ. ಹಾರ್ಟ್ ರಾಜನ ಜಾಗಕ್ಕೆ 2, ಸ್ಪೇಡ್ 6ರ ಜಾಗಕ್ಕೆ ರಾಜ. ಪಾಯಿಂಟ್ ಅದೇ 17. ಬಲಗಡೆಯವರು ಅದೇ 3 ಹಾರ್ಟ್ ಅಂದಿದ್ದಾರೆ, ಎರಡೂ ಕಡೆ ವಲ್ನರಬಲ್, ಟೀಮ್ ಪಂದ್ಯ. ಹಾರ್ಟ್ ತಡೆಯೋಕೆ ಏನೂ ಇಲ್ಲ, ಹ್ಯಾಮನ್ ಸೂತ್ರ ಕೈಗೆ ಬರಲ್ಲ. ನಾನು 4 ಡೈಮಂಡ್ ಅನ್ನುತ್ತೇನೆ. ನನ್ನ ಪಾರ್ಟ್ನರ್ ಡಬಲ್ ಅನ್ನುತ್ತಾನೆ. ಮೂರು ದಿನವಾಯಿತು, ಇನ್ನೂ ಇಬ್ಬರೂ ಬಗ್ಗಿಲ್ಲ.