ಸಂಬಳ ಏರದಿದ್ದಾಗ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವುದು ಹೇಗೆ

ನಾನು ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮಲ್ಲಿ ಲೇತ್ ಓಡಿಸುವ ಹುಡುಗರು, ಪಕ್ಕದ ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಮನೆ ಹುಡುಕುವಾಗ ಕರಾರು ಪತ್ರ ಹಿಡಿದು ನನ್ನ ಹತ್ತಿರ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

2022ರಲ್ಲಿ ಐಟಿಯವರು ಮತ್ತೆ ಆಫೀಸಿಗೆ ಬರಲು ಶುರು ಮಾಡಿದ ಮೇಲೆ ಊರಿನ ಬಾಡಿಗೆಯೆಲ್ಲ ಏರಿತು. ವೈಟ್‌ಫೀಲ್ಡಿನಲ್ಲಿ ಏರಿದ್ದು ಲಗ್ಗೆರೆ, ಹೆಗ್ಗನಹಳ್ಳಿಗೂ ಬಂತು. ನಮ್ಮ ಸಂಬಳ ವರ್ಷಕ್ಕೆ ಏಳೆಂಟು ನೂರು ಜಾಸ್ತಿಯಾದರೆ ಅದೇ ದೊಡ್ಡದು. ಏರಿಯಾದ ರೇಟು ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಅಡ್ವಾನ್ಸ್, ವರ್ಷದ ಏರಿಕೆ, ಕರೆಂಟ್ ಮೀಟರ್, ನೀರು, ಪೇಂಟಿಂಗ್ ಇವೆಲ್ಲ ಕೂತು ಮಾತಾಡಿದರೆ ಬದಲಾಗುತ್ತವೆ. ದುಡ್ಡು ಸೋರುವುದೂ ಅಲ್ಲೇ.

ಮೊದಲು ಅಡ್ವಾನ್ಸ್. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹಳೇ ಪದ್ಧತಿ, ಈಗಲೂ ಕೇಳುವವರಿದ್ದಾರೆ. 9,000 ಬಾಡಿಗೆಯ ಮನೆಗೆ 90,000. ನಮ್ಮಂಥವರು ಅದನ್ನು ಕೈಸಾಲ ಮಾಡಿಯೇ ಕೊಡುವುದು, ಅಲ್ವಾ? ನೂರಕ್ಕೆ ಎರಡು ರೂಪಾಯಿ ಬಡ್ಡಿ ಅಂದರೂ ತಿಂಗಳಿಗೆ 1,800. ಅಂದರೆ ಆ ಮನೆಯ ಬಾಡಿಗೆ 9,000 ಅಲ್ಲ, 10,800. ಅದೇ ಓನರ್‌ಗೆ "ಬಾಡಿಗೆ 500 ಜಾಸ್ತಿ ಕೊಡ್ತೀನಿ, ಅಡ್ವಾನ್ಸ್ ಐದು ತಿಂಗಳದ್ದು ಮಾಡಿ" ಅಂತ ಕೇಳಿ ನೋಡಿ. 45,000ಕ್ಕೆ ಬಡ್ಡಿ 900, ಬಾಡಿಗೆ 9,500, ಒಟ್ಟು 10,400. ಬಾಡಿಗೆ ಏರಿಸಿಕೊಂಡರೂ ತಿಂಗಳಿಗೆ 400 ಉಳಿಯಿತು, ತಲೆ ಮೇಲಿನ ಸಾಲವೂ ಅರ್ಧವಾಯಿತು. ಒಂದು ಎಚ್ಚರ: ಐದು ತಿಂಗಳು ಅಂದಾಗ ಅದು ಹಳೇ ಬಾಡಿಗೆಯ ಲೆಕ್ಕವೋ ಹೊಸದರದ್ದೋ ಅಂತ ಅಲ್ಲೇ ತೀರ್ಮಾನ ಮಾಡಿಕೊಳ್ಳಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯವೇ ಕಾನೂನು ಮಾಡಿಕೊಂಡರೆ ಮಾತ್ರ ನಡೆಯುತ್ತದೆ. ಅದನ್ನು ತೋರಿಸಿ ಓನರ್ ಜೊತೆ ಜಗಳಕ್ಕೆ ಹೋಗಬೇಡಿ.

ಇನ್ನೊಂದು ಕಾಯ್ದೆಯ ಹೆಸರು ಕೇಳಿರುತ್ತೀರಿ, 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ದಾಟಿದ ಬಾಡಿಗೆಗೆ ಅದು ಅನ್ವಯವಾಗುವುದಿಲ್ಲ. ಇವತ್ತು ಆ ರೇಟಿಗೆ ಶೀಟ್ ಮನೆಯೂ ಸಿಗುವುದು ಕಷ್ಟ. ಹಾಗಾಗಿ ನಮಗೆ ಉಳಿಯುವುದು ಕರಾರು ಪತ್ರ ಒಂದೇ. ಓನರ್ ಕೊಟ್ಟರು ಅಂತ ಸುಮ್ನೆ ಸಹಿ ಹಾಕಬೇಡಿ, ಮನೆಗೆ ತಂದು ಓದಿ. ಹನ್ನೊಂದು ತಿಂಗಳಿಗೆ ಬರೆಸುವುದು ಯಾಕೆ ಗೊತ್ತಾ? ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ, ಅದರ ಖರ್ಚು ಯಾರಿಗೂ ಬೇಡ. ಇರಲಿ. ಆದರೆ ಹನ್ನೊಂದು ತಿಂಗಳಾದ ಮೇಲೆ ಬಾಡಿಗೆ ಎಷ್ಟು ಏರುತ್ತದೆ ಅನ್ನುವುದು ಅದರಲ್ಲಿ ಬರೆದಿರಲೇಬೇಕು.

ಐದು ಪರ್ಸೆಂಟೋ ಹತ್ತು ಪರ್ಸೆಂಟೋ? ಕೇಳುವಾಗ ವ್ಯತ್ಯಾಸ ಸಣ್ಣದು ಅನ್ನಿಸುತ್ತದೆ. 9,000 ಬಾಡಿಗೆ ಐದು ಸಲ ಐದು ಪರ್ಸೆಂಟ್ ಏರಿದರೆ ಸುಮಾರು 11,490. ಐದು ಸಲ ಹತ್ತು ಪರ್ಸೆಂಟ್ ಏರಿದರೆ ಸುಮಾರು 14,500. ನಿಮ್ಮ ಸಂಬಳ ಈಗ 22,000 ಇದ್ದು, ವರ್ಷಕ್ಕೆ 800 ಏರಿತು ಅನ್ನಿ. ಐದು ವರ್ಷಕ್ಕೆ 26,000. ಹತ್ತು ಪರ್ಸೆಂಟ್ ಒಪ್ಪಿದವರ ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಡಿಗೆಗೇ ಹೋಯಿತು. ಇದನ್ನು ಬರೆಯುವಾಗಲೇ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಇದೇ ಲೆಕ್ಕದಿಂದ ಮಕ್ಕಳನ್ನು ಊರಿಗೆ, ಅಜ್ಜಿ ಮನೆಗೆ ಕಳಿಸಿದವರನ್ನು ನೋಡಿದ್ದೇನೆ.

ಏರಿಕೆಯ ಮಾತನ್ನು ಕರಾರು ಮುಗಿಯುವ ಎರಡು ತಿಂಗಳ ಮುಂಚೆ ನೀವೇ ಎತ್ತಿ. ಓನರ್ ಬಾಯಿಂದ ಮೊದಲು ನಂಬರ್ ಬಂದರೆ ಅದನ್ನು ಇಳಿಸುವುದು ಕಷ್ಟ. ಭಾನುವಾರ ಬೆಳಿಗ್ಗೆ, ಬಾಡಿಗೆ ಕಟ್ಟಿದ ವಾರ ಹೋಗಿ. ನಾನು ಕಳೆದ ಸಲ ಹೇಳಿದ್ದು ಹೀಗೆ:

"ಅಂಕಲ್, ಇಷ್ಟು ವರ್ಷದಲ್ಲಿ ಒಂದು ಸಲಾನೂ ಐದನೇ ತಾರೀಖು ದಾಟಿಲ್ಲ. ಈ ಸಲ ಐದು ಪರ್ಸೆಂಟ್ ಹಾಕಿ."

"ನೋಡಮ್ಮ, ಎದುರು ಮನೆಯವರು ಎರಡು ಸಾವಿರ ಏರಿಸಿದ್ದಾರೆ."

"ಏರಿಸಿದ್ದಾರೆ ಅಂಕಲ್, ಆದ್ರೆ ಮನೆ ಖಾಲಿ ಬಿದ್ದು ಎರಡು ತಿಂಗಳಾಯ್ತಲ್ಲ."

ಮಾತು ಅಲ್ಲಿಗೆ ನಿಂತಿತು, ಐದು ಪರ್ಸೆಂಟೇ ಆಯಿತು. ಇದರ ಹಿಂದಿನ ಲೆಕ್ಕ ನಿಮ್ಮ ತಲೆಯಲ್ಲಿರಲಿ. ಐದಕ್ಕೂ ಹತ್ತಕ್ಕೂ ನಡುವೆ ತಿಂಗಳಿಗೆ 450, ವರ್ಷಕ್ಕೆ 5,400. ನೀವು ಬಿಟ್ಟು ಹೋಗಿ ಮನೆ ಒಂದೇ ತಿಂಗಳು ಖಾಲಿ ಇದ್ದರೂ ಓನರ್‌ಗೆ 9,000 ಲಾಸು. ಅವರೂ ಲೋನ್ ಮಾಡಿ ಮೇಲೆ ಎರಡು ಫ್ಲೋರ್ ಕಟ್ಟಿರುತ್ತಾರೆ, ಇಎಂಐ ಕಟ್ಟುವುದೇ ನಿಮ್ಮ ಬಾಡಿಗೆಯಿಂದ. ಹೆದರಿಸುವ ದನಿ ಬೇಡ, ಲೆಕ್ಕ ಹೇಳಿದರೆ ಸಾಕು.

ಹೊಸ ಮನೆಯೇ ಬೇಕಾದರೆ ಆಷಾಢದಲ್ಲಿ ಹುಡುಕಿ. ಏಪ್ರಿಲ್, ಮೇ ಮಕ್ಕಳ ಸ್ಕೂಲ್ ಬದಲಾಯಿಸುವ ಸಮಯ, ಟು ಲೆಟ್ ಬೋರ್ಡ್ ಹಾಕಿದ ಸಂಜೆಯೇ ಮನೆ ಹೋಗಿರುತ್ತದೆ. ಆಷಾಢದಲ್ಲಿ ಹಾಲು ಉಕ್ಕಿಸುವವರು ಕಡಿಮೆ. ಆಗಲೂ ಖಾಲಿ ಇರುವ ಮನೆಯ ಓನರ್ ಶ್ರಾವಣದವರೆಗೆ ಕಾಯಬೇಕು, ಹಾಗಾಗಿ ಮಾತಿಗೆ ಬಗ್ಗುತ್ತಾರೆ. ನಿಮಗೂ ಆಷಾಢ ಆಗುವುದಿಲ್ಲ ಅಂದರೆ, ಜ್ಯೇಷ್ಠದಲ್ಲೇ ಮನೆ ಗೊತ್ತು ಮಾಡಿ, ಅದರ ಕೊನೆಯಲ್ಲಿ ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿಬಿಡಿ, ಸಾಮಾನು ಆಮೇಲೆ ಸಾಗಿಸಿ. ಬ್ರೋಕರ್ ಹತ್ತಿರ ಹೋಗುವ ಮುಂಚೆ ಆ ರಸ್ತೆಯ ಹಾಲಿನ ಅಂಗಡಿಯಲ್ಲಿ, ಇಸ್ತ್ರಿಯವರ ಹತ್ತಿರ ವಿಚಾರಿಸಿ. ಒಂದು ತಿಂಗಳ ಕಮಿಷನ್ ಉಳಿಯುತ್ತದೆ.

ಮನೆ ನೋಡಲು ಹೋದಾಗ ಟೈಲ್ಸ್ ನೋಡುವ ಮುಂಚೆ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡ್ ನೋಡಿ. ಎಷ್ಟು ಮನೆ ಇವೆ, ಎಷ್ಟು ಬೆಸ್ಕಾಂ ಮೀಟರ್ ಇವೆ ಎಣಿಸಿ. ನಿಮ್ಮ ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್, ಅಂದರೆ ಕರೆಂಟ್ ಬಿಲ್ಲಿನ ಮೇಲಿರುವ ಕನೆಕ್ಷನ್ ನಂಬರ್, ಇರಬೇಕು. ಜೊತೆಗೆ ಬಂದವರಿಗೆ ಮೇಲೆ ಗೀಸರ್ ಹಾಕಲು ಹೇಳಿ, ನೀವು ಕೆಳಗೆ ನಿಲ್ಲಿ. ಯಾವ ಮೀಟರಿನ ಕೆಂಪು ದೀಪ ಬೇಗ ಬೇಗ ಮಿಣುಕಲು ಶುರುವಾಯಿತೋ ಅದೇ ನಿಮ್ಮದು. ಓನರ್ ಮೀಟರಿನಿಂದ ಎಳೆದ ಸಬ್ ಮೀಟರ್ ಆದರೆ ಯೂನಿಟ್ಟಿಗೆ ಅವರು ಹೇಳಿದ್ದೇ ರೇಟು, ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯೂ ನಿಮ್ಮ ಹೆಸರಿಗೆ ಸಿಗುವುದಿಲ್ಲ. 2023ರಲ್ಲಿ ಶುರುವಾದ ಆ ಯೋಜನೆ ಬಾಡಿಗೆದಾರರಿಗೂ ಇದೆ. ಪ್ರತ್ಯೇಕ ಮೀಟರ್ ಮತ್ತು ಆ ವಿಳಾಸದ ಕರಾರು ಪತ್ರ ಇದ್ದರೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು. ನಿಮಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬಾಡಿಗೆ 300 ಕಡಿಮೆ ಇರುವ ಸಬ್ ಮೀಟರ್ ಮನೆಗಿಂತ ಪ್ರತ್ಯೇಕ ಮೀಟರ್ ಇರುವ ಮನೆ ಎಷ್ಟೋ ವಾಸಿ.

ನೀರಿನ ವಿಷಯ ಓನರ್‌ನ ಕೇಳಬೇಡಿ, ಎದುರು ಮನೆಯ ಅಕ್ಕನ ಕೇಳಿ. ಕಾವೇರಿ ವಾರಕ್ಕೆ ಎಷ್ಟು ದಿನ, ಬೋರ್ ಇದೆಯಾ, 2024ರ ಬೇಸಿಗೆಯಲ್ಲಿ ಏನು ಮಾಡಿದಿರಿ ಅಂತ. ಕಾವೇರಿ ನೀರಿನ ಯೋಜನೆಯ ಐದನೇ ಹಂತ ಆ ವರ್ಷದ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿದೆ, ಆದರೆ ರಸ್ತೆಯಲ್ಲಿ ಪೈಪ್ ಇದ್ದ ಮಾತ್ರಕ್ಕೆ ಆ ಕಟ್ಟಡಕ್ಕೆ ಕನೆಕ್ಷನ್ ಇದೆ ಅಂತಲ್ಲ. ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಅನ್ನುವುದೂ ಕರಾರಿನಲ್ಲಿ ಇರಲಿ.

ದೂರ ಹೋದರೆ ಬಾಡಿಗೆ ಕಡಿಮೆ ಅನ್ನುವುದು ಮನೆಯಲ್ಲಿ ಯಾರು ಎಲ್ಲಿಗೆ ಓಡಾಡುತ್ತಾರೆ ಅನ್ನುವುದರ ಮೇಲಿದೆ. 2023ರ ಜೂನ್‌ನಿಂದ ಹೆಂಗಸರಿಗೆ ಬಿಎಂಟಿಸಿ ಸಾಮಾನ್ಯ ಬಸ್ಸು ಉಚಿತ. ಗಂಡಸರಿಗೆ ಬಸ್ಸಿನ ದರವೂ ಎಲ್ಲರಿಗೂ ಮೆಟ್ರೊ ದರವೂ 2025ರ ಶುರುವಿನಲ್ಲಿ ಏರಿದವು. ಮಾದಾವರದ ಕಡೆ ಮನೆ ಮಾಡುವ ಮುಂಚೆ ಇಬ್ಬರ ತಿಂಗಳ ಟಿಕೆಟ್ ಕೂಡಿಸಿ ನೋಡಿ.

ಭೋಗ್ಯದ ಬಗ್ಗೆ ಬಹಳ ಜನ ಕೇಳುತ್ತಾರೆ. ಲಕ್ಷಗಟ್ಟಲೆ ಒಮ್ಮೆಗೇ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಆಸೆ ಆಗುತ್ತದೆ. ಆ ಮನೆ ಬ್ಯಾಂಕಿನಲ್ಲಿ ಅಡವಿದ್ದು, ಓನರ್ ಕಂತು ಕಟ್ಟದಿದ್ದರೆ ಬ್ಯಾಂಕಿನವರು ಬಂದು ಬೀಗ ಹಾಕುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇಸಿ (ಮನೆ ಮೇಲಿನ ಅಡವು, ಸಾಲದ ದಾಖಲೆ) ತೆಗೆಸಿ, ಖಾತೆ ಯಾರ ಹೆಸರಲ್ಲಿದೆ ನೋಡಿ, ಕರಾರನ್ನು ನೋಂದಣಿ ಮಾಡಿಸಿ. ಓನರ್‌ನಿಂದ ಬಾಡಿಗೆಗೆ ಪಡೆದು ನಿಮಗೆ ಭೋಗ್ಯಕ್ಕೆ ಕೊಡುತ್ತೇವೆ ಅನ್ನುವ ಮಧ್ಯದವರ ಜೊತೆ ವ್ಯವಹಾರ ಬೇಡವೇ ಬೇಡ.

ಸಂಬಳದ ಕಡೆಗೂ ಒಂದು ಕಣ್ಣಿಡಿ. ಕನಿಷ್ಠ ವೇತನದ ತುಟ್ಟಿಭತ್ಯೆ (ಡಿಎ) ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕರಣೆ ಆಗುತ್ತದೆ. ಮೇ ತಿಂಗಳಲ್ಲಿ ಕೈಗೆ ಬರುವ ಪೇ ಸ್ಲಿಪ್ಪನ್ನು ಮಾರ್ಚಿನದರ ಪಕ್ಕ ಇಟ್ಟು ಡಿಎ ಬದಲಾಗಿದೆಯಾ ನೋಡಿ. ಫ್ಯಾಕ್ಟರಿಯಲ್ಲಿ ಓವರ್‌ಟೈಮಿಗೆ ಕಾನೂನಿನ ಪ್ರಕಾರ ಡಬಲ್ ಕೊಡಬೇಕು. ಒಬ್ಬರೇ ಕೇಳಲು ಭಯವಾದರೆ ನಾಲ್ಕು ಜನ ಸೇರಿ ಕೇಳಿ.

ಕೊನೆಗೆ ಮನೆ ಬಿಡುವಾಗಿನ ಮಾತು. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ, ಅದಕ್ಕಿಂತ ಜಾಸ್ತಿ ಹಿಡಿಯಬಾರದು ಅಂತ ಸೇರುವಾಗಲೇ ಬರೆಸಿ. ಸೇರುವ ದಿನ ಗೋಡೆ, ನಲ್ಲಿ, ಬಾಗಿಲು, ಸಿಂಕ್ ಎಲ್ಲದರ ವಿಡಿಯೊ ಮಾಡಿ ಓನರ್‌ಗೇ ವಾಟ್ಸಾಪ್ ಮಾಡಿ. ಅಡ್ವಾನ್ಸ್, ಬಾಡಿಗೆ ಎರಡೂ ಬ್ಯಾಂಕ್ ಮೂಲಕವೇ ಹೋಗಲಿ. ಅಡ್ವಾನ್ಸ್ ವಾಪಸ್ ಬರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ಅಲ್ಲಿ ವಕೀಲರು ಉಚಿತ. ಸಹಾಯವಾಣಿ 15100. ಹಳೇ ಮನೆಯ ಆರ್‌ಆರ್ ನಂಬರಿನಿಂದ ಗೃಹಜ್ಯೋತಿಯನ್ನು ಡಿ-ಲಿಂಕ್ ಮಾಡಿಯೇ ಬೀಗದ ಕೈ ಕೊಡಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ನಿಮ್ಮ ಅರ್ಜಿ ಮುಂದೆ ಹೋಗುವುದಿಲ್ಲ.