ಕನ್ನಡದಲ್ಲಿ ಸ್ವಂತ ವೆಬ್‌ಸೈಟ್ ಮಾಡುವವರಿಗೆ

ಮೊದಲು ಡೊಮೇನನ್ನು (ಸೈಟಿನ ವಿಳಾಸ) ನಿಮ್ಮದೇ ಹೆಸರು, ನಿಮ್ಮದೇ ಇಮೇಲ್ ಕೊಟ್ಟು ನೋಂದಾಯಿಸಿ. ಸೈಟ್ ಮಾಡಿಕೊಡುವವರ ಖಾತೆಯಲ್ಲಿ ಖಂಡಿತ ಬೇಡ. ಬರಹಗಳಿಗೆ ಹ್ಯೂಗೊ ಎಂಬ ಸೈಟ್ ಕಟ್ಟುವ ತಂತ್ರಾಂಶ ಸಾಕು. ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಪಠ್ಯ) ಕಡತಗಳನ್ನು ಅದು ಸರಳ ಎಚ್‌ಟಿಎಂಎಲ್ ಪುಟಗಳಾಗಿಸುತ್ತದೆ, ಡೇಟಾಬೇಸಿನ ಗೋಜಿಲ್ಲ.

ಕನ್ನಡಕ್ಕೆ ಮಾತ್ರ ಸ್ವಲ್ಪ ಹೆಚ್ಚು ಕಾಳಜಿ ಬೇಕು. ಹೆಚ್ಚಿನ ಥೀಮ್‌ಗಳನ್ನು, ಅಂದರೆ ಸೈಟಿನ ಸಿದ್ಧ ವಿನ್ಯಾಸಗಳನ್ನು, ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿರುತ್ತಾರೆ. ಸಾಲಿನ ಎತ್ತರ ಕಡಿಮೆಯಿದ್ದರೆ ‘ರಾಷ್ಟ್ರ’ದಂಥ ಪದದ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಅದನ್ನು ಅಕ್ಷರದ ಗಾತ್ರದ 1.8 ಪಟ್ಟು ಇಟ್ಟು ನೋಡಿ. ಕಡತದ ಹೆಸರು ಕನ್ನಡದಲ್ಲಿದ್ದರೆ ಲಿಂಕೂ ಕನ್ನಡದಲ್ಲೇ ಆಗುತ್ತದೆ. ಅದನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಎಷ್ಟೋ ಸಲ ಬರೀ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು! ಪ್ರತಿ ಬರಹದ ತಲೆಭಾಗದಲ್ಲಿ ‘slug’ (ಸ್ಲಗ್, ಲಿಂಕಿನ ಕೊನೆಯ ಭಾಗ) ಎಂದು ಪುಟ್ಟ ಇಂಗ್ಲಿಷ್ ಹೆಸರು ಕೊಡಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ ಬರಹಗಳಿದ್ದರೆ ಯೂನಿಕೋಡ್‌ಗೆ ಬದಲಿಸಿಯೇ ಹಾಕಿ, ಇಲ್ಲವಾದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ಸಿಗುವುದಿಲ್ಲ.